ನಕ್ಷೆ ಯಾರ ಸೊತ್ತು? ಕೊಯಾಲಿಯಿಂದ ನೋಡಿದ ಒಂದು ಇತಿಹಾಸ

ಕೊಯಾಲಿ ಎಂದೊಡನೆ ವಡೋದರಾದ ಕನ್ನಡಿಗರಿಗೆ ನೆನಪಾಗುವುದು ಇಂಡಿಯನ್ ಆಯಿಲ್ ಸಂಸ್ಥೆಯ ತೈಲ ಶುದ್ಧೀಕರಣಾಗಾರ. ಆ ಸ್ಥಾವರದ ಚರಿತ್ರೆಯನ್ನು ಟನ್ನುಗಳ ಲೆಕ್ಕದಲ್ಲಿ ಹೇಳುವುದು ರೂಢಿ. ನಾವು ಇಲ್ಲಿ ಬೇರೊಂದು ಲೆಕ್ಕವನ್ನು ಹಿಡಿಯಬಯಸುತ್ತೇವೆ. ಯಾವ ಕಾರ್ಖಾನೆಗಾದರೂ ಕಬ್ಬಿಣ, ಉಕ್ಕುಗಳಿಗಿಂತ ಮೊದಲು ಬರುವುದು ನಕ್ಷೆ. ಆ ನಕ್ಷೆ ಯಾರ ಸೊತ್ತು, ಅದನ್ನು ನೋಡಿ ಕಲಿಯುವ ಹಕ್ಕು ಯಾರಿಗಿದೆ, ಗಡಿ ದಾಟಿ ಬರುವಾಗ ಅದು ಸುಂಕ ತೆರಬೇಕೇ? ಈ ಮೂರು ಪ್ರಶ್ನೆಗಳು ಅರವತ್ತು ವರ್ಷಗಳಿಂದ ಈ ನಾಡಿನ ಕೈಗಾರಿಕೆಯ ಬೆನ್ನು ಹತ್ತಿವೆ. ಇಂದು ‘ಡಿಜಿಟಲ್ ವ್ಯಾಪಾರ’ ಎಂಬ ಹೊಸ ಹೆಸರಿನಲ್ಲಿ ನಮ್ಮ ಮುಂದೆ ನಿಂತಿರುವುದೂ ಇವೇ ಪ್ರಶ್ನೆಗಳು.

ಸ್ವಾತಂತ್ರ್ಯದ ಹೊತ್ತಿಗೆ ಭಾರತದ ತೈಲ ವ್ಯವಹಾರ ಬಹುಮಟ್ಟಿಗೆ ವಿದೇಶೀ ಕಂಪನಿಗಳ ಕೈಯಲ್ಲಿತ್ತು. ಐವತ್ತರ ದಶಕದ ಆರಂಭದಲ್ಲಿ ಸರಕಾರವು ಸ್ಟಾನ್‌ವ್ಯಾಕ್, ಬರ್ಮಾ ಷೆಲ್ ಮತ್ತು ಕ್ಯಾಲ್‌ಟೆಕ್ಸ್ ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡಿತು. ಅದರ ಫಲವಾಗಿ ಮುಂಬಯಿಯ ಟ್ರಾಂಬೆಯಲ್ಲಿ ಎರಡು, ವಿಶಾಖಪಟ್ಟಣದಲ್ಲಿ ಒಂದು ಶುದ್ಧೀಕರಣಾಗಾರಗಳು ಎದ್ದವು. 25 ವರ್ಷಗಳವರೆಗೆ ಅವುಗಳನ್ನು ರಾಷ್ಟ್ರೀಕರಣ ಮಾಡುವುದಿಲ್ಲವೆಂಬ ಭರವಸೆಯನ್ನೂ ಕಂಪನಿಗಳು ಪಡೆದುಕೊಂಡಿದ್ದವು. 1960ರಲ್ಲಿ ಸೋವಿಯತ್ ಒಕ್ಕೂಟವು ಕಡಿಮೆ ಬೆಲೆಗೆ ಕಚ್ಚಾ ತೈಲ ಕೊಡಲು ಮುಂದೆ ಬಂದಾಗ ಈ ಏರ್ಪಾಡಿನ ನಿಜರೂಪ ಬಯಲಾಯಿತು. ಆ ತೈಲವನ್ನು ತಮ್ಮ ಸ್ಥಾವರಗಳಲ್ಲಿ ಸಂಸ್ಕರಿಸಲು ಕಂಪನಿಗಳು ಒಪ್ಪಲಿಲ್ಲ. ನೆಲ ನಮ್ಮದು, ದುಡಿಯುವ ಕೈ ನಮ್ಮದು; ಆದರೆ ಕೊಳವೆಯೊಳಗೆ ಯಾವ ಎಣ್ಣೆ ಹರಿಯಬೇಕೆಂಬ ತೀರ್ಮಾನ ನಮ್ಮದಾಗಿರಲಿಲ್ಲ.

ಅದೇ ವರ್ಷ ಗುಜರಾತಿನ ಅಂಕಲೇಶ್ವರದಲ್ಲಿ ತೈಲ ದೊರೆಯಿತು. ಆಗ ತೈಲ ಖಾತೆಯ ಹೊಣೆ ಹೊತ್ತಿದ್ದ ಕೇಶವದೇವ ಮಾಳವೀಯರು ಸಾರ್ವಜನಿಕ ವಲಯದಲ್ಲಿಯೇ ಶುದ್ಧೀಕರಣ ನಡೆಯಬೇಕೆಂದು ಹಟ ಹಿಡಿದವರು. 1961ರಲ್ಲಿ ಸೋವಿಯತ್ ಮತ್ತು ಭಾರತೀಯ ಇಂಜಿನಿಯರುಗಳು ಕೂಡಿ ಕೊಯಾಲಿಯ ಬಳಿ ಜಾಗ ಗೊತ್ತುಮಾಡಿದರು. ಯೋಜನೆಯನ್ನು ಸಿದ್ಧಪಡಿಸುವ ಕರಾರಿಗೆ ಅಕ್ಟೋಬರಿನಲ್ಲಿ ಸಹಿ ಬಿತ್ತು. 1963ರ ಮೇ 10ರಂದು ಜವಾಹರಲಾಲ ನೆಹರೂ ಅಡಿಗಲ್ಲಿಟ್ಟರು. 1965ರ ಅಕ್ಟೋಬರಿನಲ್ಲಿ ಹತ್ತು ಲಕ್ಷ ಟನ್ ಸಾಮರ್ಥ್ಯದ ಮೊದಲ ಘಟಕ ಚಾಲನೆಗೊಂಡಿತು. ಮರುವರ್ಷ ಅಕ್ಟೋಬರಿನಲ್ಲಿ ರಾಷ್ಟ್ರಪತಿ ರಾಧಾಕೃಷ್ಣನ್ ಅವರು ಸ್ಥಾವರವನ್ನು ರಾಷ್ಟ್ರಕ್ಕೆ ಅರ್ಪಿಸಿದರು. 1967ರಲ್ಲಿ ಮೂರನೆಯ ಘಟಕವೂ ಸೇರಿ ಒಟ್ಟು ಸಾಮರ್ಥ್ಯ ಮೂವತ್ತು ಲಕ್ಷ ಟನ್ನಿಗೆ ಮುಟ್ಟಿತು.

ಸೋವಿಯತ್ ಒಕ್ಕೂಟ ಕೇವಲ ಔದಾರ್ಯದಿಂದ ನೆರವಾಯಿತೆಂದು ನಾವು ಭ್ರಮಿಸಬೇಕಿಲ್ಲ. ಶೀತಲ ಸಮರದ ದಿನಗಳಲ್ಲಿ ಅದಕ್ಕೆ ಅದರದೇ ಲೆಕ್ಕಾಚಾರಗಳಿದ್ದವು. ನಮಗೆ ಮುಖ್ಯವಾದುದು ಆಮೇಲಿನ ಸಂಗತಿ. 1974–75ರ ವೇಳೆಗೆ ಕೊಯಾಲಿಯ ಸಾಮರ್ಥ್ಯ ಮೂವತ್ತು ಲಕ್ಷದಿಂದ ನಲವತ್ಮೂರು ಲಕ್ಷ ಟನ್ನಿಗೆ ಏರಿತು. ಈ ಏರಿಕೆಯನ್ನು ಸಾಧಿಸಿದ್ದು ಸ್ಥಾವರದ ಒಳಗಿನವರೇ ಮಾಡಿದ ಮಾರ್ಪಾಡುಗಳು. ಎಲ್ಲಿ ಹರಿವು ಬಿಗಿಯಾಗುತ್ತದೆ, ಯಾವ ಭಾಗವನ್ನು ಬದಲಿಸಿದರೆ ಅದು ಸಲೀಸಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಯಂತ್ರವನ್ನು ನಡೆಸಿದರಷ್ಟೇ ಸಾಲದು, ಅದರ ನಕ್ಷೆ ಕೈಗೆ ಸಿಗಬೇಕು, ಅದನ್ನು ತಿದ್ದುವ ಅಧಿಕಾರವೂ ಇರಬೇಕು. ನಮ್ಮ ಬೆಂಗಳೂರೂ ಆ ಕಾಲದಲ್ಲಿ ಇದೇ ಪಾಠಶಾಲೆಯ ವಿದ್ಯಾರ್ಥಿಯಾಗಿತ್ತು. ಎಚ್.ಎಂ.ಟಿ. ಕಾರ್ಖಾನೆ ಸ್ವಿಸ್ ಸಂಸ್ಥೆಯೊಂದರ ತಾಂತ್ರಿಕ ಸಹಯೋಗದಿಂದ ಯಂತ್ರೋಪಕರಣಗಳನ್ನು ಮಾಡಲು ಕಲಿತಿತು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಕೈಗಡಿಯಾರಗಳನ್ನು ತಯಾರಿಸಿತು. ಬಡ ದೇಶವೊಂದು ಕಾರ್ಖಾನೆ ಕಟ್ಟಲು ಕಲಿತದ್ದು ಹೀಗೆ: ಮೊದಲು ಪರರ ನಕ್ಷೆ, ಬಳಿಕ ಅದರ ಮೇಲೆ ನಮ್ಮ ಪೆನ್ಸಿಲಿನ ಗೆರೆ.

ಈ ಕಲಿಕೆಗೆ ಕಾನೂನಿನ ಆಸರೆಯೂ ಬೇಕಿತ್ತು. ಬ್ರಿಟಿಷರ ಕಾಲದ 1911ರ ಪೇಟೆಂಟ್ ಮತ್ತು ವಿನ್ಯಾಸಗಳ ಕಾಯಿದೆ ಸ್ವಾತಂತ್ರ್ಯಾನಂತರವೂ ನಡೆದುಕೊಂಡು ಬಂದಿತ್ತು. ಅದನ್ನು ಪರಿಶೀಲಿಸಿದ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿ ಕಹಿ ಸತ್ಯವೊಂದನ್ನು ಹೊರಗೆಡಹಿತು. ಭಾರತದಲ್ಲಿ ಕೊಟ್ಟ ಪೇಟೆಂಟುಗಳಲ್ಲಿ ಶೇಕಡಾ 80ರಿಂದ 90ರಷ್ಟು ವಿದೇಶೀಯರ ಕೈಯಲ್ಲಿದ್ದವು. ಅವುಗಳಲ್ಲಿ ಶೇಕಡಾ 90ಕ್ಕೂ ಹೆಚ್ಚಿನವು ಇಲ್ಲಿ ಬಳಕೆಗೇ ಬಂದಿರಲಿಲ್ಲ. ಎಂದರೆ, ಉಳುವ ಉದ್ದೇಶವಿಲ್ಲದವರು ಹೊಲಕ್ಕೆ ಬೇಲಿ ಹಾಕಿಕೊಂಡಿದ್ದರು. ಈ ವರದಿಯ ಅಡಿಪಾಯದ ಮೇಲೆ ರೂಪುಗೊಂಡ 1970ರ ಪೇಟೆಂಟ್ ಕಾಯಿದೆ 1972ರ ಏಪ್ರಿಲ್ 20ರಂದು ಜಾರಿಗೆ ಬಂದಿತು. ಆಹಾರ ಮತ್ತು ಔಷಧಗಳ ವಿಷಯದಲ್ಲಿ ವಸ್ತುವಿಗೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಉಂಟು. ಅದೂ ಹೆಚ್ಚೆಂದರೆ ಏಳು ವರ್ಷ. ಒಂದೇ ಮದ್ದನ್ನು ಬೇರೊಂದು ದಾರಿಯಿಂದ ತಯಾರಿಸುವ ಸ್ವಾತಂತ್ರ್ಯ ನಮ್ಮ ರಸಾಯನಶಾಸ್ತ್ರಜ್ಞರಿಗೆ ಹೀಗೆ ದೊರಕಿತು. 1907ರಿಂದಲೇ ಅಲೆಂಬಿಕ್‌ನಂಥ ಸಂಸ್ಥೆಯನ್ನು ಕಂಡಿದ್ದ ವಡೋದರಾದಲ್ಲಿಯೂ, ಅಹಮದಾಬಾದಿನಲ್ಲಿಯೂ ಔಷಧೋದ್ಯಮ ಬೆಳೆದ ಪರಿಗೆ ಈ ಸ್ವಾತಂತ್ರ್ಯ ಒಂದು ದೊಡ್ಡ ಕಾರಣ. ರೋಗಿಯ ಮನೆಯಲ್ಲಿ ಮಾತ್ರೆಯ ಬೆಲೆಯಾಗಿ ಕಾಣಿಸಿಕೊಂಡದ್ದು ಈ ಕಾಯಿದೆಯ ವಾಕ್ಯವೇ.

1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ಅದರೊಡನೆ ಬಂದ ಟ್ರಿಪ್ಸ್ ಒಪ್ಪಂದ ಬೌದ್ಧಿಕ ಸ್ವತ್ತನ್ನು ವ್ಯಾಪಾರದ ಕಂಬಕ್ಕೆ ಕಟ್ಟಿತು. ನಿಯಮ ಮುರಿದರೆ ಸರಕಿನ ವ್ಯಾಪಾರದಲ್ಲಿ ದಂಡ ತೆರಬೇಕಾದೀತೆಂಬ ಭಯ ಮೊದಲ ಬಾರಿಗೆ ಹುಟ್ಟಿತು. ಹತ್ತು ವರ್ಷಗಳ ಗಡುವಿನ ಕೊನೆಗೆ, 2005ರಲ್ಲಿ, ಔಷಧ ವಸ್ತುಗಳಿಗೂ 20 ವರ್ಷಗಳ ಪೇಟೆಂಟ್ ಕೊಡುವಂತೆ ನಮ್ಮ ಕಾಯಿದೆ ಬದಲಾಯಿತು. ಆದರೂ ಸಂಸತ್ತು ಆಗ ಎರಡು ಸಣ್ಣ ಕಿಟಕಿಗಳನ್ನು ತೆರೆದಿಟ್ಟಿತು. ಹಳೆಯ ಮದ್ದಿಗೆ ಹೊಸ ರೂಪ ಕೊಟ್ಟ ಮಾತ್ರಕ್ಕೆ, ಅದರ ಗುಣ ಹೆಚ್ಚದ ಹೊರತು, ಪೇಟೆಂಟ್ ಸಲ್ಲದೆಂಬ ನಿಯಮ ಒಂದು. ಗ್ಲಿವೆಕ್ ಮದ್ದಿನ ಮೊಕದ್ದಮೆಯಲ್ಲಿ 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದದ್ದು ಇದನ್ನೇ. ಎರಡನೆಯದು ಅಷ್ಟು ಪ್ರಸಿದ್ಧವಲ್ಲ. 2004ರ ಡಿಸೆಂಬರಿನ ಅಧ್ಯಾದೇಶವು ತಂತ್ರಾಂಶಕ್ಕೂ ಕೆಲಮಟ್ಟಿಗೆ ಪೇಟೆಂಟಿನ ಬಾಗಿಲು ತೆರೆದಿತ್ತು. ಸಂಸತ್ತು 2005ರಲ್ಲಿ ಅದನ್ನು ಕೈಬಿಟ್ಟು, ಗಣಕದ ಕ್ರಮವಿಧಿ ತಾನಾಗಿಯೇ ಪೇಟೆಂಟಿಗೆ ಅರ್ಹವಲ್ಲವೆಂಬ ಹಿಂದಿನ ನಿಲುವಿಗೇ ಮರಳಿತು. ಬೆಂಗಳೂರಿನ ಸಣ್ಣ ತಂತ್ರಾಂಶ ಕಂಪನಿಗಳು ಹೆಜ್ಜೆಹೆಜ್ಜೆಗೂ ಪರರ ಪೇಟೆಂಟಿಗೆ ಎಡವದಂತೆ ಕಾದುಕೊಂಡ ತೀರ್ಮಾನವಿದು.

ಇನ್ನು ಮೂರನೆಯ ಪ್ರಶ್ನೆ, ಸುಂಕ. ಕಾಗದದ ಮೇಲೆ ಬರೆದ ತಾಂತ್ರಿಕ ನಕ್ಷೆ ಸರಕೇ, ಅಥವಾ ಬರಿಯ ತಿಳಿವಳಿಕೆಯೇ? ಅಸೋಸಿಯೇಟೆಡ್ ಸಿಮೆಂಟ್ ಕಂಪನಿ ಮತ್ತಿತರರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2001ರ ಜನವರಿಯಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ವಿದೇಶದಿಂದ ಬಂದ ನಕ್ಷೆಗಳು, ಕೈಪಿಡಿಗಳು, ಡಿಸ್ಕುಗಳು ಸರಕುಗಳೇ; ಬೆಲೆ ಕಟ್ಟುವಾಗ ಕಾಗದದ ಬೆಲೆಯನ್ನಷ್ಟೇ ಅಲ್ಲ, ಅದರಲ್ಲಡಗಿದ ಬುದ್ಧಿಯ ಬೆಲೆಯನ್ನೂ ಎಣಿಸಬೇಕು ಎಂಬುದು ತೀರ್ಪಿನ ಸಾರ. ಆದರೆ ಆ ಹೊತ್ತಿಗಾಗಲೇ ನಕ್ಷೆ ಕಾಗದವನ್ನು ಬಿಟ್ಟು ತಂತಿಯನ್ನು ಹತ್ತಿತ್ತು. 1998ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವ ವ್ಯಾಪಾರ ಸಂಸ್ಥೆಯ ಮಂತ್ರಿಗಳು ವಿದ್ಯುನ್ಮಾನ ಪ್ರಸರಣಗಳ ಮೇಲೆ ಸದ್ಯಕ್ಕೆ ಸೀಮಾಸುಂಕ ಹಾಕುವುದಿಲ್ಲವೆಂದು ಒಪ್ಪಿದರು. ‘ಸದ್ಯಕ್ಕೆ’ ಎಂದ ಆ ಮಾತು ಸಭೆಯಿಂದ ಸಭೆಗೆ ಬೆಳೆಯುತ್ತ 2024ರ ಅಬುಧಾಬಿ ಸಭೆಯಲ್ಲಿಯೂ ಮುಂದುವರಿಯಿತು. ಹೀಗಾಗಿ ಒಂದೇ ನಕ್ಷೆ ಅಂಚೆಯ ಲಕೋಟೆಯಲ್ಲಿ ಬಂದರೆ ಸರಕು, ಅಂತರಜಾಲದಲ್ಲಿ ಬಂದರೆ ಸುಂಕವಿಲ್ಲದ ಪ್ರಸರಣ. ಪ್ರಸರಣವೆಂದರೆ ವಾಹಕ ಮಾತ್ರವೇ, ಅದು ಹೊತ್ತು ತರುವ ವಸ್ತುವೂ ಅದರಲ್ಲಿ ಸೇರಿದೆಯೇ ಎಂಬ ತಕರಾರನ್ನು ಭಾರತ ಮತ್ತು ಕೆಲವು ದೇಶಗಳು ಎತ್ತುತ್ತಲೇ ಬಂದಿವೆ. ನಾಳೆ ಯಂತ್ರದ ಬಿಡಿಭಾಗಗಳೇ ಕಡತಗಳಾಗಿ ಬಂದು ಇಲ್ಲಿ ಮುದ್ರಣಗೊಳ್ಳುವ ಕಾಲ ಬಂದರೆ, ಸುಂಕದ ಕಟ್ಟೆಯಲ್ಲಿ ಕಾಯುವವನಿಗೆ ಕೆಲಸವೇನು ಉಳಿದೀತು?

ಇದೇ ನಡುವೆ ವಡೋದರಾದಲ್ಲಿ ಕಾಲಚಕ್ರ ಇನ್ನೊಂದು ಸುತ್ತು ತಿರುಗಿತು. ಅತಿ ಶೀತಲ ಅನಿಲಗಳ ಟ್ಯಾಂಕುಗಳನ್ನು ತಯಾರಿಸುವ ಇಲ್ಲಿನ ಐನಾಕ್ಸ್ ಇಂಡಿಯಾ ಸಂಸ್ಥೆ, ದ್ರವರೂಪದ ನೈಸರ್ಗಿಕ ಅನಿಲವನ್ನು ಸಾಗಿಸುವ ಟ್ರೇಲರುಗಳ ತನ್ನ ನಕ್ಷೆಗಳನ್ನು ಇತರರು ನಕಲು ಮಾಡಿದ್ದಾರೆಂದು ಆರೋಪಿಸಿ ವಡೋದರಾದ ವಾಣಿಜ್ಯ ನ್ಯಾಯಾಲಯದ ಮೆಟ್ಟಿಲೇರಿತು. ಪ್ರತಿವಾದಿಗಳ ವಾದ ಬೇರೆ: ಹೀಗೆ ಕೈಗಾರಿಕೆಯಲ್ಲಿ ಬಳಸುವ ನಕ್ಷೆ ‘ವಿನ್ಯಾಸ’ವಷ್ಟೇ, ಅದನ್ನು ವಿನ್ಯಾಸ ಕಾಯಿದೆಯಡಿ ನೋಂದಾಯಿಸದೆ ಐವತ್ತಕ್ಕಿಂತ ಹೆಚ್ಚು ಪ್ರತಿಗಳನ್ನು ಮಾಡಿದ ಮೇಲೆ ಹಕ್ಕುಸ್ವಾಮ್ಯ ಉಳಿಯುವುದಿಲ್ಲ. ಈ ಭೇದ ಬರಿಯ ಶಬ್ದಜಾಲವಲ್ಲ. ವಿನ್ಯಾಸದ ಹಕ್ಕು ಹೆಚ್ಚೆಂದರೆ 15 ವರ್ಷ; ಹಕ್ಕುಸ್ವಾಮ್ಯ ಕರ್ತೃವಿನ ಜೀವಮಾನ ಮತ್ತು ಆಮೇಲೆ 60 ವರ್ಷ. 2025ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ಕೃತಿ ಕಲೆಯೋ ಕೈಗಾರಿಕಾ ವಿನ್ಯಾಸವೋ ಎಂಬುದನ್ನೂ, ಅದರ ಮುಖ್ಯ ಗುಣ ಉಪಯುಕ್ತತೆಯೋ ಸೌಂದರ್ಯವೋ ಎಂಬುದನ್ನೂ ತೂಗಿ ನೋಡುವ ಕ್ರಮವನ್ನು ಹೇಳಿ, ಮೊಕದ್ದಮೆಯನ್ನು ವಿಚಾರಣೆಗೆ ಬಿಟ್ಟಿತು. ಯಾರು ಗೆಲ್ಲುತ್ತಾರೆಂಬುದು ನಮ್ಮ ವಿಷಯವಲ್ಲ. ಪರರ ನಕ್ಷೆಯಿಂದ ಕಲಿತ ಊರು ಈಗ ತನ್ನ ನಕ್ಷೆಗೆ ಕಾವಲು ಬೇಡುವಷ್ಟು ಬೆಳೆದಿದೆ ಎಂಬುದು ಗಮನಿಸಬೇಕಾದ ಮಾತು. ಇಂಡಿಯನ್ ಆಯಿಲ್ ಸಂಸ್ಥೆಯೂ ಇಂದು ಸ್ವಂತ ತಂತ್ರಜ್ಞಾನದ ಒಡೆಯ. ಅದರ ಫರೀದಾಬಾದಿನ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಇಂಡ್‌ಮ್ಯಾಕ್ಸ್ ವಿಧಾನ ಗುವಾಹಟಿ, ಪಾರಾದೀಪ ಸ್ಥಾವರಗಳಲ್ಲಿ ನಡೆಯುತ್ತಿದೆ. ಆದ್ದರಿಂದ ಬೌದ್ಧಿಕ ಸ್ವತ್ತೆಂದರೆ ಶ್ರೀಮಂತ ದೇಶಗಳ ಹೂಟವೆಂದು ತಳ್ಳಿಹಾಕುವ ಕಾಲ ಮುಗಿದಿದೆ.

ಹಾಗಾದರೆ ಚಿಂತೆ ಏಕೆ? ಪೇಟೆಂಟ್ ಎಂಬುದು ಸಮಾಜ ಮತ್ತು ಸಂಶೋಧಕರ ನಡುವಿನ ಕೊಡುಕೊಳ್ಳುವಿಕೆ. ನಿನ್ನ ನಕ್ಷೆಯನ್ನು ಎಲ್ಲರೆದುರು ಬಿಚ್ಚಿಡು, ಪ್ರತಿಯಾಗಿ ಇಷ್ಟು ವರ್ಷ ಏಕಸ್ವಾಮ್ಯ ಅನುಭವಿಸು ಎಂಬುದು ಅದರ ನ್ಯಾಯ. ಇಂದಿನ ಕಾರ್ಖಾನೆಯಲ್ಲಿ ಕವಾಟಗಳನ್ನು ತೆರೆದು ಮುಚ್ಚುವುದು ಗಣಕ. ಅದಕ್ಕೆ ಅಪ್ಪಣೆ ಕೊಡುವ ತಂತ್ರಾಂಶದ ಸೋರ್ಸ್ ಕೋಡ್ ಈ ಕಾಲದ ನಕ್ಷೆ. ಈ ನಕ್ಷೆಯನ್ನು ಒಡೆಯನು ಬಿಚ್ಚಿಡಬೇಕಾಗಿಲ್ಲ. ಹಾಗಿದ್ದೂ ಅದಕ್ಕೆ ಹಕ್ಕುಸ್ವಾಮ್ಯದ ದೀರ್ಘ ರಕ್ಷಣೆ ಉಂಟು. ಗುಟ್ಟೂ ಉಳಿಯಿತು, ಹಕ್ಕೂ ಉಳಿಯಿತು. ಇದರ ಮೇಲೆ ಈಗ ಮೂರನೆಯ ಬೀಗ ಬೀಳುತ್ತಿದೆ. ವಿಶ್ವ ವ್ಯಾಪಾರ ಸಂಸ್ಥೆಯ ಕೆಲವು ಸದಸ್ಯ ದೇಶಗಳು 2017ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ವಿದ್ಯುನ್ಮಾನ ವಾಣಿಜ್ಯದ ನಿಯಮಗಳಿಗಾಗಿ ಜೊತೆಗೂಡಿದಾಗ ಭಾರತ ದೂರ ನಿಂತಿತ್ತು. ಆದರೆ 2025ರ ಜುಲೈ 24ರಂದು ಬ್ರಿಟನ್ನಿನೊಡನೆ ಸಹಿ ಹಾಕಿದ ವ್ಯಾಪಾರ ಒಪ್ಪಂದದ ಡಿಜಿಟಲ್ ಅಧ್ಯಾಯದಲ್ಲಿ, ಆಮದಿಗೆ ಅಥವಾ ಮಾರಾಟಕ್ಕೆ ಷರತ್ತಾಗಿ ಸೋರ್ಸ್ ಕೋಡನ್ನು ಕೇಳಬಾರದೆಂಬ ವಿಧಿಗೆ ಅದು ಒಪ್ಪಿದೆ. ಅದೇ ಒಪ್ಪಂದದ ಬೌದ್ಧಿಕ ಸ್ವತ್ತಿನ ಅಧ್ಯಾಯವು ಔಷಧಗಳು ಜನರಿಗೆ ಎಟುಕುವಂತೆ ಮಾಡಲು ಸ್ವಯಂಪ್ರೇರಿತ ಪರವಾನಗಿಯೇ ಉತ್ತಮ ಮಾರ್ಗವೆಂದು ಹೇಳುತ್ತದೆ. 1970ರ ಕಾಯಿದೆಯ ಧ್ವನಿಯನ್ನು ಬಲ್ಲವರಿಗೆ ಇದು ಬೇರೆಯೇ ರಾಗವೆಂದು ತಿಳಿಯುತ್ತದೆ.

ತನಿಖೆಗೆ, ನ್ಯಾಯಾಲಯದ ಅಗತ್ಯಗಳಿಗೆ ಇಂಥ ವಿಧಿಗಳಲ್ಲಿ ವಿನಾಯಿತಿಗಳಿರುತ್ತವೆ; ತಂತ್ರಾಂಶ ಬರೆದು ಬದುಕುವ ನಮ್ಮ ಯುವಕ ಯುವತಿಯರ ಕೃತಿಗೂ ಹೊರದೇಶದಲ್ಲಿ ಇದೇ ರಕ್ಷಣೆ ದೊರೆಯುತ್ತದೆ. ಅದನ್ನು ಅಲ್ಲಗಳೆಯಲಾಗದು. ಆದರೆ ಕಾಯಿದೆಗೂ ಒಪ್ಪಂದಕ್ಕೂ ಇರುವ ಅಂತರವನ್ನು ನಾವು ಮರೆಯಬಾರದು. 1959ರ ವರದಿಯ ಮೇಲೆ ವರ್ಷಗಟ್ಟಲೆ ಚರ್ಚೆ ನಡೆದು 1970ರ ಕಾಯಿದೆ ಬಂತು. 2004ರ ಅಧ್ಯಾದೇಶ ತಪ್ಪೆನಿಸಿದಾಗ ಸಂಸತ್ತು ಮೂರು ತಿಂಗಳಲ್ಲಿ ಅದನ್ನು ತಿದ್ದಿತು. ಒಪ್ಪಂದವೋ ಬಾಗಿಲು ಮುಚ್ಚಿದ ಕೋಣೆಯಲ್ಲಿ ಹುಟ್ಟುತ್ತದೆ. ತಿದ್ದಬೇಕಾದರೆ ಎದುರಿನವನ ಒಪ್ಪಿಗೆಯೂ ಬೇಕು.

ಕೊಯಾಲಿಯ ಚರಿತ್ರೆ ನಮಗೆ ಕಲಿಸುವುದು ಇಷ್ಟು. ಬೇಲಿ ಬೇಡವೆನ್ನುವುದಲ್ಲ, ಬೇಲಿಗೆ ಒಂದು ಗಡುವಿರಲಿ, ಗಡುವಿನ ಕೊನೆಗೆ ನಕ್ಷೆ ಊರಿನವರ ಕೈಗೆ ಬರಲಿ. ಮೂವತ್ತು ಲಕ್ಷ ಟನ್ನನ್ನು ನಲವತ್ಮೂರು ಲಕ್ಷ ಮಾಡಿದವರು ತೆರೆದ ನಕ್ಷೆಯ ಮುಂದೆ ಕುಳಿತಿದ್ದರು. ಈಗ ಗಣಕದ ಪರದೆಯ ಮುಂದೆ ಕುಳಿತಿರುವ ಅವರ ಮೊಮ್ಮಕ್ಕಳಿಗೆ ಯಂತ್ರವನ್ನು ನಡೆಸುವ ಕೆಲಸ ಮಾತ್ರ ಸಾಕೇ, ಅದನ್ನು ತಿದ್ದುವ ಅವಕಾಶವೂ ಬೇಡವೇ?