ಕುಮಾರಪಟ್ಟಣ ಸೀಮೆಯ ಸಾರ್ವಜನಿಕ ಗ್ರಂಥಾಲಯ: ವರ್ಷದ ಕಾರ್ಯಕ್ರಮಗಳು, ಊರಿನ ಸುದ್ದಿ, ಓದುಗರ ಹಕ್ಕು

ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ ತುಂಗಭದ್ರಾ ನದಿಯ ದಡದಲ್ಲಿರುವ ಕೈಗಾರಿಕಾ ನೆಲೆ. ಸೇತುವೆ ದಾಟಿದರೆ ದಾವಣಗೆರೆ ಜಿಲ್ಲೆಯ ಹರಿಹರ. ಪಾಳಿಯಲ್ಲಿ ದುಡಿಯುವ ಕಾರ್ಮಿಕರು, ಸುತ್ತಲಿನ ಹಳ್ಳಿಗಳ ರೈತ ಕುಟುಂಬಗಳು, ನದಿಯ ಎರಡೂ ಕಡೆಗೆ ಓಡಾಡುವ ವಿದ್ಯಾರ್ಥಿಗಳು ಇಲ್ಲಿನ ಜನಜೀವನದ ಭಾಗ. ಇಂತಹ ಊರುಗಳಲ್ಲಿ ಸಾರ್ವಜನಿಕ ಗ್ರಂಥಾಲಯವೆಂದರೆ ಪುಸ್ತಕದ ಕಪಾಟುಗಳಿರುವ ಕೊಠಡಿ ಮಾತ್ರವಲ್ಲ. ಬೇಸಿಗೆ ರಜೆಯಲ್ಲಿ ಮಕ್ಕಳ ಶಿಬಿರ, ನವೆಂಬರ್‌ನಲ್ಲಿ ಸಪ್ತಾಹ, ವರ್ಷವಿಡೀ ದಿನಪತ್ರಿಕೆ ಹಾಗೂ ನೇಮಕಾತಿ ಪ್ರಕಟಣೆಗಳು ದೊರೆಯಬೇಕಾದ ತಾಣವೂ ಅದೇ. ಈ ಕಾರ್ಯಕ್ರಮಗಳು ಯಾವ ಕಾನೂನಿನ ಆಧಾರದಲ್ಲಿ, ಯಾರ ಹಣದಿಂದ ನಡೆಯುತ್ತವೆ ಮತ್ತು ಅವು ನಡೆಯದಿದ್ದರೆ ಯಾರನ್ನು ಕೇಳಬೇಕು ಎಂಬ ವಿವರ ಇಲ್ಲಿದೆ.

ನದಿಯ ಎರಡು ದಡ, ಎರಡು ಪರಂಪರೆ

1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಈ ಭಾಗದಲ್ಲಿ ತುಂಗಭದ್ರೆಯೇ ರಾಜ್ಯದ ಗಡಿಯಾಗಿತ್ತು. ರಾಣೆಬೆನ್ನೂರು ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಹರಿಹರ ಮೈಸೂರು ಸೀಮೆಯ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಎರಡೂ ಕಡೆ ಓದಿನ ವ್ಯವಸ್ಥೆ ಬೇರೆಬೇರೆ ದಾರಿಯಲ್ಲಿ ಬೆಳೆಯಿತು. ಮುಂಬಯಿ ಪ್ರಾಂತ್ಯದಲ್ಲಿ ಸಂಘ ಸಂಸ್ಥೆಗಳು ನಡೆಸುವ ವಾಚನಾಲಯಗಳಿಗೆ ಸರ್ಕಾರ ಅನುದಾನ ನೀಡುವ ಪದ್ಧತಿ ಬಲವಾಗಿತ್ತು. ಗ್ರಂಥಾಲಯಗಳ ಅಭಿವೃದ್ಧಿಗೆ ಸಲಹೆ ನೀಡಲು 1939ರಲ್ಲಿ ಎ.ಎ.ಎ. ಫೈಜಿ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೂ ನೇಮಕವಾಗಿತ್ತು. ಮೈಸೂರು ಸಂಸ್ಥಾನದಲ್ಲಿ ವಯಸ್ಕರ ಶಿಕ್ಷಣ ಸಮಿತಿಯು 1940ರ ದಶಕದಿಂದ ಸಾಕ್ಷರತಾ ತರಗತಿಗಳ ಜೊತೆಗೆ ಹಳ್ಳಿಗಳಲ್ಲಿ ಪುಸ್ತಕ ಭಂಡಾರಗಳನ್ನು ತೆರೆಯಿತು.

ಕನ್ನಡ ಪುಸ್ತಕವನ್ನು ಓದುಗರ ಮನೆ ಬಾಗಿಲಿಗೆ ಒಯ್ದ ಹಿರಿಯರ ಪೈಕಿ ಒಬ್ಬರು ಇದೇ ಜಿಲ್ಲೆಯವರು. ಕುಮಾರಪಟ್ಟಣದಿಂದ ಕೆಳಹರಿವಿನಲ್ಲಿ ವರದಾ ನದಿ ತುಂಗಭದ್ರೆಯನ್ನು ಕೂಡುವ ಗಳಗನಾಥ ಗ್ರಾಮದ ವೆಂಕಟೇಶ ತಿರಕೋ ಕುಲಕರ್ಣಿ (1869–1942) ಅವರು ‘ಗಳಗನಾಥ’ರೆಂದೇ ಪ್ರಸಿದ್ಧರು. ವೃತ್ತಿಯಿಂದ ಶಿಕ್ಷಕರಾಗಿದ್ದ ಅವರು ಐತಿಹಾಸಿಕ ಕಾದಂಬರಿಗಳನ್ನು ಬರೆದರು, ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ನಡೆಸಿದರು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಪುಸ್ತಕ ಕೊಳ್ಳಲಾಗದವನಿಗೂ ಓದು ದೊರೆಯಬೇಕಾದರೆ ಅದು ಒಬ್ಬ ವ್ಯಕ್ತಿಯ ಹೆಗಲ ಮೇಲೆ ನಿಲ್ಲುವ ಕೆಲಸವಲ್ಲ. ಅದಕ್ಕೆ ಕಾನೂನಿನ ಆಸರೆ ಬೇಕಾಯಿತು.

1965ರ ಕಾಯ್ದೆ

ಮದ್ರಾಸ್ ರಾಜ್ಯವು 1948ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯನ್ನು ಜಾರಿಗೆ ತಂದಿತ್ತು. ಅದರ ಹಿಂದೆ ಗ್ರಂಥಾಲಯ ವಿಜ್ಞಾನಿ ಡಾ. ಎಸ್.ಆರ್. ರಂಗನಾಥನ್ ಅವರ ಶ್ರಮವಿತ್ತು. ಹಲವು ರಾಜ್ಯಗಳಿಗಾಗಿ ಮಾದರಿ ಮಸೂದೆಗಳನ್ನು ಸಿದ್ಧಪಡಿಸಿದ ಅವರು 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ನಿಧನರಾಗುವವರೆಗೆ ಅದೇ ನಗರದಲ್ಲಿ ನೆಲೆಸಿದ್ದರು.

ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರಲ್ಲಿ ಅಂಗೀಕಾರಗೊಂಡು 1966ರಲ್ಲಿ ಜಾರಿಗೆ ಬಂತು. ನದಿಯ ಎರಡೂ ದಡಗಳು ಆಗ ಒಂದೇ ವ್ಯವಸ್ಥೆಯೊಳಗೆ ಬಂದವು. ಗ್ರಂಥಾಲಯಗಳಿಗೆ ಪ್ರತ್ಯೇಕ ಇಲಾಖೆ, ರಾಜ್ಯ ಕೇಂದ್ರ ಗ್ರಂಥಾಲಯ, ನಗರ ಹಾಗೂ ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಗಳು ರಚನೆಯಾದವು. ಎಲ್ಲಕ್ಕಿಂತ ಮುಖ್ಯವಾದುದು ಗ್ರಂಥಾಲಯ ಕರ. ಆಸ್ತಿ ತೆರಿಗೆಯ ಜೊತೆಗೆ ಈ ಕರವನ್ನು ಸಂಗ್ರಹಿಸಿ ಗ್ರಂಥಾಲಯಕ್ಕೇ ವಿನಿಯೋಗಿಸಬೇಕು ಎಂಬುದು ಕಾಯ್ದೆಯ ಆಶಯ. ಈ ಕರದ ಪ್ರಮಾಣ ಆಸ್ತಿ ತೆರಿಗೆಯ ಶೇ 6. ನೆರೆಯ ಮಹಾರಾಷ್ಟ್ರದ 1967ರ ಕಾಯ್ದೆಯಲ್ಲಿ ಇಂತಹ ಕರವಿಲ್ಲ. ಅಲ್ಲಿ ಸಂಘ ಸಂಸ್ಥೆಗಳ ಗ್ರಂಥಾಲಯಗಳು ಸರ್ಕಾರದ ಅನುದಾನವನ್ನು ಅವಲಂಬಿಸಿವೆ. ಕರ್ನಾಟಕದಲ್ಲಿ ಮನೆಯ ತೆರಿಗೆ ಕಟ್ಟುವ ಪ್ರತಿಯೊಬ್ಬರೂ ಗ್ರಂಥಾಲಯಕ್ಕೆ ಹಣ ಕಟ್ಟಿದವರೇ ಆಗಿರುತ್ತಾರೆ.

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರಚನೆಯಾಯಿತು. ಬಳಿಕ ಹಾವೇರಿಯ ಜಿಲ್ಲಾ ಕೇಂದ್ರ ಗ್ರಂಥಾಲಯ ಈ ಭಾಗದ ಗ್ರಂಥಾಲಯ ಆಡಳಿತದ ಕೇಂದ್ರವಾಯಿತು.

ಪಂಚಾಯಿತಿಯ ಕೈಗೆ ಗ್ರಂಥಾಲಯ

ಗ್ರಾಮೀಣ ಗ್ರಂಥಾಲಯಗಳ ಇತಿಹಾಸದಲ್ಲಿ 2019 ಮುಖ್ಯ ವರ್ಷ. ಅಲ್ಲಿಯವರೆಗೆ ಗ್ರಂಥಾಲಯ ಇಲಾಖೆಯ ಅಧೀನದಲ್ಲಿದ್ದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಸರ್ಕಾರವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿತು. ಇವು ಈಗ ‘ಅರಿವು ಕೇಂದ್ರ’ಗಳೆಂದು ಕರೆಯಲ್ಪಡುತ್ತವೆ. ನಗರ ಮತ್ತು ಪಟ್ಟಣಗಳ ಗ್ರಂಥಾಲಯಗಳು ಮಾತ್ರ ಹಿಂದಿನಂತೆ ಗ್ರಂಥಾಲಯ ಇಲಾಖೆಯಲ್ಲಿಯೇ ಉಳಿದವು.

ಈ ವಿಭಜನೆ ಸಾಮಾನ್ಯ ಓದುಗನಿಗೆ ತಾಂತ್ರಿಕ ವಿಷಯವೆನಿಸಬಹುದು. ಆದರೆ ದೂರು ಯಾರಿಗೆ ಸಲ್ಲಿಸಬೇಕು ಎಂಬುದನ್ನು ಅದೇ ನಿರ್ಧರಿಸುತ್ತದೆ. ರಾಣೆಬೆನ್ನೂರು ಅಥವಾ ಬ್ಯಾಡಗಿ ಪಟ್ಟಣದ ಸರ್ಕಾರಿ ಗ್ರಂಥಾಲಯದಲ್ಲಿ ಪುಸ್ತಕ ದೊರೆಯದಿದ್ದರೆ ಗ್ರಂಥಾಲಯ ಇಲಾಖೆಯ ಜಿಲ್ಲಾ ಅಧಿಕಾರಿಯನ್ನು ಕೇಳಬೇಕು. ಹಳ್ಳಿಯ ಅರಿವು ಕೇಂದ್ರಕ್ಕೆ ಬೀಗ ಬಿದ್ದಿದ್ದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರನ್ನು ಕೇಳಬೇಕು.

ವರ್ಗಾವಣೆಯ ನಂತರ ಗಮನ ಸೆಳೆದ ಕಾರ್ಯಕ್ರಮ ‘ಓದುವ ಬೆಳಕು’. ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ, ನವೆಂಬರ್ 14ರ ಮಕ್ಕಳ ದಿನದಂದು ಇದು ಆರಂಭವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತವಾಯಿತು. ಲಕ್ಷಾಂತರ ಮಕ್ಕಳು ಹೆಸರು ನೋಂದಾಯಿಸಿದರು. ಸಾರ್ವಜನಿಕರಿಂದ ಪುಸ್ತಕಗಳನ್ನು ದಾನವಾಗಿ ಪಡೆಯುವ ‘ಪುಸ್ತಕ ಜೋಳಿಗೆ’ ಅಭಿಯಾನವೂ ನಡೆಯಿತು. ಪಟ್ಟಣಗಳ ಓದುಗರಿಗಾಗಿ ಗ್ರಂಥಾಲಯ ಇಲಾಖೆಯು ಅದೇ ವರ್ಷ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವನ್ನು ಒದಗಿಸಿತು.

ವರ್ಷದ ಕಾರ್ಯಕ್ರಮಗಳ ಪಟ್ಟಿ

ಬೇಸಿಗೆ (ಏಪ್ರಿಲ್–ಮೇ): ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಗಳಿಗೆ ರಜೆ ಆರಂಭವಾಗುತ್ತದೆ. ಏಪ್ರಿಲ್ 23 ವಿಶ್ವ ಪುಸ್ತಕ ದಿನ. ಯುನೆಸ್ಕೊ 1995ರಲ್ಲಿ ಇದನ್ನು ಘೋಷಿಸಿತು. ಅರಿವು ಕೇಂದ್ರಗಳಲ್ಲಿ ಮಕ್ಕಳ ಬೇಸಿಗೆ ಶಿಬಿರಗಳು ನಡೆಯುವ ಕಾಲವಿದು. ಕಥೆ ಹೇಳುವುದು, ಗಟ್ಟಿಯಾಗಿ ಓದುವುದು, ಚಿತ್ರಕಲೆ, ಕಾಗದದ ಆಟಿಕೆ, ಗಣಿತದ ಆಟ, ಊರಿನ ಹಿರಿಯರೊಡನೆ ಮಾತುಕತೆ ಇಂತಹ ಶಿಬಿರಗಳ ಸಾಮಾನ್ಯ ಚಟುವಟಿಕೆಗಳು. ನಗರದಲ್ಲಿ ಹಣ ಕೊಟ್ಟು ಸೇರಬೇಕಾದ ಶಿಬಿರಗಳಿವೆ. ಕೂಲಿ ಕುಟುಂಬದ ಮಗುವಿಗೆ ರಜೆಯಲ್ಲಿ ಪುಸ್ತಕ ಮುಟ್ಟುವ ಅವಕಾಶ ದೊರೆಯುವುದು ಇಲ್ಲಿ ಮಾತ್ರ.

ಮಳೆಗಾಲ (ಜೂನ್–ಸೆಪ್ಟೆಂಬರ್): ಶಾಲೆಗಳ ಪುನರಾರಂಭದ ಬಳಿಕ ಮಕ್ಕಳ ಸದಸ್ಯತ್ವ ನೋಂದಣಿಗೆ ಇದು ಅನುಕೂಲದ ಕಾಲ. ರಂಗನಾಥನ್ ಅವರು ಜನಿಸಿದ ಆಗಸ್ಟ್ 12ನ್ನು (1892) ಗ್ರಂಥಪಾಲಕರ ದಿನವಾಗಿ ಆಚರಿಸಲಾಗುತ್ತದೆ. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳ ತಿರುಳು ಸರಳವಾದುದು. ಪುಸ್ತಕವನ್ನು ಕಾದಿಡುವುದಕ್ಕಿಂತ ಓದುಗನ ಕೈಗೆ ತಲುಪಿಸುವುದೇ ಗ್ರಂಥಾಲಯದ ಧರ್ಮ.

ನವೆಂಬರ್: ಗ್ರಂಥಾಲಯಗಳಿಗೆ ಇದು ಹಬ್ಬದ ತಿಂಗಳು. 1ರಂದು ರಾಜ್ಯೋತ್ಸವ. 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಭಾರತೀಯ ಗ್ರಂಥಾಲಯ ಸಂಘದ ಉಪಕ್ರಮದಿಂದ 1968ರಿಂದ ಇದು ನಡೆದುಬಂದಿದೆ. ಪುಸ್ತಕ ಪ್ರದರ್ಶನ, ಪ್ರಬಂಧ ಮತ್ತು ರಸಪ್ರಶ್ನೆ ಸ್ಪರ್ಧೆ, ಲೇಖಕರ ಉಪನ್ಯಾಸ, ಹೆಚ್ಚು ಓದಿದ ಸದಸ್ಯರಿಗೆ ಸನ್ಮಾನ ಈ ಸಪ್ತಾಹದ ವಾಡಿಕೆಯ ಅಂಗಗಳು. ಸಾಮಾನ್ಯವಾಗಿ ಇದೇ ತಿಂಗಳಲ್ಲಿ ಬರುವ ಕನಕ ಜಯಂತಿಗೆ ಈ ಜಿಲ್ಲೆಯಲ್ಲಿ ವಿಶೇಷ ಅರ್ಥವಿದೆ. ಕನಕದಾಸರ ಜನ್ಮಸ್ಥಳ ಬಾಡ ಶಿಗ್ಗಾವಿ ತಾಲ್ಲೂಕಿನಲ್ಲಿದೆ.

ಚಳಿಗಾಲ (ಡಿಸೆಂಬರ್–ಮಾರ್ಚ್): ಪರೀಕ್ಷೆಗಳು ಹತ್ತಿರವಾದಂತೆ ಓದುವ ಕೊಠಡಿಯ ಬೆಂಚುಗಳು ತುಂಬುತ್ತವೆ. ಹಾವೇರಿಯಲ್ಲಿ 2023ರ ಜನವರಿ 6ರಿಂದ 8ರವರೆಗೆ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ ನಡೆದ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವೂ ಇದೇ ಋತುವಿನದ್ದು. ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳು ಬಂದು ಬೀಳುವ ಸುಗ್ಗಿಯೂ ಈ ಕಾಲದಲ್ಲಿಯೇ. ದಿನಪತ್ರಿಕೆಯಲ್ಲಿ ಧಾರಣೆ ನೋಡಲು ಬರುವ ರೈತನೂ ಗ್ರಂಥಾಲಯದ ಓದುಗನೇ.

ಊರಿನ ಸುದ್ದಿಯ ಹಲಗೆ

ಗ್ರಂಥಾಲಯದ ಎರಡನೆಯ ಕೆಲಸ ಸುದ್ದಿಯನ್ನು ತಲುಪಿಸುವುದು. ಗ್ರಾಮಸಭೆಯ ದಿನಾಂಕ, ಸರ್ಕಾರಿ ಯೋಜನೆಗಳ ಅರ್ಜಿಯ ಕೊನೆಯ ದಿನ, ಲಸಿಕೆ ಶಿಬಿರ, ವಿದ್ಯಾರ್ಥಿವೇತನ, ಲೋಕಸೇವಾ ಆಯೋಗ ಮತ್ತು ಪೊಲೀಸ್ ನೇಮಕಾತಿಯ ಅಧಿಸೂಚನೆ ಇವೆಲ್ಲ ಸೂಚನಾ ಫಲಕದಲ್ಲಿ ಕಾಣಬೇಕು. ಮೊಬೈಲಿನಲ್ಲಿ ಎಲ್ಲವೂ ಸಿಗುವ ಕಾಲದಲ್ಲಿ ಫಲಕವೇಕೆ ಎಂಬ ಪ್ರಶ್ನೆ ಸಹಜ. ಮೊಬೈಲಿಗೆ ಬಂದ ಸುದ್ದಿ ನಿಜವೋ ಸುಳ್ಳೋ ಎಂದು ತಿಳಿಯಲು ಒಂದು ಅಧಿಕೃತ ಜಾಗ ಬೇಕು. ಅರ್ಜಿ ತುಂಬಲು ನೆರವಾಗುವ ವ್ಯಕ್ತಿಯೂ ಬೇಕು. ಅನೇಕ ಅರಿವು ಕೇಂದ್ರಗಳಿಗೆ ಗಣಕಯಂತ್ರ ಮತ್ತು ಅಂತರ್ಜಾಲ ಸಂಪರ್ಕ ನೀಡಿರುವುದು ಇದೇ ಉದ್ದೇಶದಿಂದ.

ಹಣ, ಸಿಬ್ಬಂದಿ, ಸಮಯ

ಕಾರ್ಯಕ್ರಮಗಳ ಪಟ್ಟಿ ಎಷ್ಟು ದೊಡ್ಡದಾದರೂ ಅವುಗಳನ್ನು ನಡೆಸುವವರು ಬಹುತೇಕ ಕಡೆ ಒಬ್ಬರೇ. ಅವರು ಗ್ರಂಥಾಲಯ ಮೇಲ್ವಿಚಾರಕರು. ಈ ಹುದ್ದೆಯಲ್ಲಿರುವವರು ವರ್ಷಗಳ ಕಾಲ ಅಲ್ಪ ಗೌರವಧನಕ್ಕೆ ದುಡಿದರು. ಕನಿಷ್ಠ ವೇತನ ಹಾಗೂ ಸೇವಾ ಭದ್ರತೆಗಾಗಿ ಅವರು ಹಲವು ಬಾರಿ ಹೋರಾಟಕ್ಕೆ ಇಳಿದಿದ್ದಾರೆ. ಶಿಬಿರ, ಸಪ್ತಾಹ, ನೋಂದಣಿ, ವರದಿ ಎಲ್ಲವೂ ಅವರ ಮೇಲೆಯೇ ಬೀಳುತ್ತವೆ.

ಹಣದ ಕಥೆಯೂ ಸರಳವಲ್ಲ. ಗ್ರಂಥಾಲಯ ಕರವನ್ನು ಜನರಿಂದ ಪಡೆದ ಸ್ಥಳೀಯ ಸಂಸ್ಥೆಗಳು ಅದನ್ನು ಗ್ರಂಥಾಲಯಕ್ಕೆ ವರ್ಗಾಯಿಸದಿರುವುದು ರಾಜ್ಯದ ಹಳೆಯ ಸಮಸ್ಯೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಉಳಿಸಿಕೊಂಡ ಬಾಕಿ ನೂರಾರು ಕೋಟಿ ರೂಪಾಯಿ ತಲುಪಿ ವಿವಾದವಾಗಿತ್ತು. ಕರದ ಹಣ ನಿಂತರೆ ಹೊಸ ಪುಸ್ತಕಗಳ ಖರೀದಿ ನಿಲ್ಲುತ್ತದೆ, ಪ್ರಕಾಶಕರ ಬಿಲ್ಲು ಉಳಿಯುತ್ತದೆ, ಪತ್ರಿಕೆಗಳ ಸಂಖ್ಯೆ ಕಡಿಮೆಯಾಗುತ್ತದೆ.

ಮೂರನೆಯದು ಸಮಯ. ಇಲಾಖೆಯ ಗ್ರಂಥಾಲಯಗಳಿಗೆ ಸೋಮವಾರ ಮತ್ತು ಎರಡನೇ ಮಂಗಳವಾರ ರಜೆ ಇರುವುದು ವಾಡಿಕೆ. ಭಾನುವಾರ ತೆರೆದಿರುವುದರಿಂದ ನೌಕರರಿಗೂ ವಿದ್ಯಾರ್ಥಿಗಳಿಗೂ ಅನುಕೂಲ. ಅರಿವು ಕೇಂದ್ರಗಳ ಅವಧಿ ಪಂಚಾಯಿತಿಯ ಮೇಲ್ವಿಚಾರಣೆಗೆ ಒಳಪಟ್ಟಿದೆ. ಕುಮಾರಪಟ್ಟಣದಂತಹ ಊರಿನಲ್ಲಿ ಪಾಳಿ ಮುಗಿಸಿ ಬರುವ ಕಾರ್ಮಿಕನಿಗೆ, ಶಾಲೆ ಬಿಟ್ಟ ಮಗುವಿಗೆ ಸಂಜೆಯ ಹೊತ್ತು ಬಾಗಿಲು ತೆರೆದಿರದಿದ್ದರೆ ಉಳಿದ ಸೌಕರ್ಯಗಳಿದ್ದೂ ಇಲ್ಲದಂತೆ.

ಓದುಗರು ಮಾಡಬಹುದಾದುದು

* ಮಕ್ಕಳ ಉಚಿತ ಸದಸ್ಯತ್ವಕ್ಕೆ ಸಮೀಪದ ಅರಿವು ಕೇಂದ್ರದಲ್ಲಿ ಹೆಸರು ನೋಂದಾಯಿಸಬಹುದು. ಪುಸ್ತಕವನ್ನು ಮನೆಗೆ ಒಯ್ಯುವ ಅವಕಾಶದ ಬಗ್ಗೆ ವಿಚಾರಿಸಬೇಕು.

* ಮನೆಯ ತೆರಿಗೆ ರಸೀದಿಯಲ್ಲಿ ಗ್ರಂಥಾಲಯ ಕರದ ಮೊತ್ತವನ್ನು ನೋಡಬೇಕು. ಗ್ರಾಮಸಭೆಯಲ್ಲಿ ಆ ವರ್ಷ ಸಂಗ್ರಹವಾದ ಕರವೆಷ್ಟು, ಗ್ರಂಥಾಲಯಕ್ಕೆ ವೆಚ್ಚವಾದುದೆಷ್ಟು ಎಂದು ಕೇಳುವ ಹಕ್ಕು ಪ್ರತಿಯೊಬ್ಬ ಮತದಾರನಿಗಿದೆ. ಉತ್ತರ ದೊರೆಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಬಹುದು.

* ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ತಮಗೆ ಬೇಕಾದ ಪುಸ್ತಕ ಮತ್ತು ಸಮಯದ ಬೇಡಿಕೆ ಇಡಬಹುದು.

* ಪುಸ್ತಕ ದಾನ ಮಾಡುವವರು ಹರಿದ ಹಳೆಯ ಪಠ್ಯಗಳ ಬದಲು ಮಕ್ಕಳ ಕಥೆ, ನಿಘಂಟು, ಸ್ಪರ್ಧಾತ್ಮಕ ಪರೀಕ್ಷೆಗಳ ಇತ್ತೀಚಿನ ಪುಸ್ತಕಗಳನ್ನು ನೀಡಿದರೆ ಉಪಯೋಗ ಹೆಚ್ಚು.

ನವೆಂಬರ್ ಸಪ್ತಾಹದ ಸಮಾರಂಭಕ್ಕೆ ಶಾಮಿಯಾನ ಹಾಕುವುದು ಕಷ್ಟವಲ್ಲ. ಸಪ್ತಾಹ ಮುಗಿದ ಮರುದಿನ, ನವೆಂಬರ್ 21ರ ಸಂಜೆ, ಅದೇ ಬಾಗಿಲು ತೆರೆದಿದ್ದು ಒಳಗೆ ಆ ದಿನದ ಪತ್ರಿಕೆ ಇದ್ದರೆ ಜನರು ಕಟ್ಟಿದ ಕರಕ್ಕೆ ಲೆಕ್ಕ ಸಿಕ್ಕಂತೆ.