ಕ್ಯಾಲಿಪರ್‌ನ ತುಕ್ಕು, ಕ್ಯಾಲಿಪರ್‌ನ ಬಣ್ಣ

ಸ್ಪೋರ್ಟ್ಸ್ ಕಾರಿನ ಚಕ್ರದ ಕಡ್ಡಿಗಳ ಸಂದಿನಿಂದ ಕೆಂಪಾಗಿಯೋ ಹಳದಿಯಾಗಿಯೋ ಇಣುಕುವ ಬ್ರೇಕ್ ಕ್ಯಾಲಿಪರ್ ಇಂದು ಒಡವೆಯಂತೆ ಕಂಡರೂ, ಅದಕ್ಕೆ ಲೇಪ ಹಚ್ಚುವ ಕಸುಬು ಹುಟ್ಟಿದ್ದು ಅಂದಕ್ಕಾಗಿ ಅಲ್ಲ, ತುಕ್ಕಿನ ಕಾಟಕ್ಕೆ. ಕ್ಯಾಲಿಪರ್ ಎಂದರೆ ಚಕ್ರದೊಂದಿಗೆ ತಿರುಗುವ ಲೋಹದ ತಟ್ಟೆಯನ್ನು, ಅಂದರೆ ಡಿಸ್ಕನ್ನು, ಎರಡೂ ಬದಿಯಿಂದ ಇಕ್ಕಳದಂತೆ ಹಿಡಿಯುವ ಭಾಗ. ಅದರೊಳಗಿನ ಸಿಲಿಂಡರ್‌ನಲ್ಲಿರುವ ಪಿಸ್ಟನ್ ಬ್ರೇಕ್ ಆಯಿಲ್‌ನ ಒತ್ತಡಕ್ಕೆ ಮುಂದೆ ಸರಿದು ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಸೈಕಲ್ಲಿನ ಬ್ರೇಕ್ ರಬ್ಬರುಗಳು ರಿಮ್ಮನ್ನು ಹಿಡಿಯುವುದನ್ನು ನೋಡಿದವರಿಗೆ ಇದರ ತತ್ತ್ವ ಹೊಸದಲ್ಲ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾರು ತಯಾರಿಸುತ್ತಿದ್ದ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರೂ, ಅದರ ತಾಮ್ರದ ಪ್ಯಾಡುಗಳು ಕಿರುಗುಟ್ಟುತ್ತಿದ್ದುದರಿಂದಲೂ, ಅಂದಿನ ದೂಳು ರಸ್ತೆಗಳಲ್ಲಿ ಬೇಗ ಸವೆಯುತ್ತಿದ್ದುದರಿಂದಲೂ, ಮುಂದಿನ ಅರ್ಧ ಶತಮಾನ ಡ್ರಮ್ ಬ್ರೇಕಿನದೇ ಆಯಿತು. ಡ್ರಮ್ಮಿನಲ್ಲಿ ಬ್ರೇಕಿನ ಭಾಗಗಳೆಲ್ಲ ಮುಚ್ಚಳದೊಳಗೆ ಇರುತ್ತವೆ. ಡಿಸ್ಕ್ ಬ್ರೇಕು ಗಾಳಿಗೆ ಮೈಯೊಡ್ಡಿ ಬೇಗ ತಣಿಯುತ್ತದೆ, ಆದರೆ ಅದೇ ಕಾರಣಕ್ಕೆ ನೀರು, ಕೆಸರು, ಉಪ್ಪು ಎಲ್ಲಕ್ಕೂ ಮೈಯೊಡ್ಡಬೇಕಾಗುತ್ತದೆ. ಈ ಪಾಠವನ್ನು ಮೊದಲು ಕಲಿತದ್ದು ಅಮೆರಿಕದ ಕ್ರಾಸ್ಲಿ ಕಂಪನಿ. 1949ರಲ್ಲಿ ಅದು ತನ್ನ ಪುಟ್ಟ ಹಾಟ್‌ಶಾಟ್ ಕಾರಿಗೆ ಡಿಸ್ಕ್ ಬ್ರೇಕ್ ಜೋಡಿಸಿತಾದರೂ, ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಎರಚುತ್ತಿದ್ದ ಉಪ್ಪು ಬ್ರೇಕಿನೊಳಗೆ ಸೇರಿ, ಲೋಹವನ್ನು ತಿಂದು, ಚಲಿಸುವ ಭಾಗಗಳನ್ನು ಕಚ್ಚಿ ಹಿಡಿಯುವಂತೆ ಮಾಡಿದ್ದರಿಂದ ಬಹುಬೇಗ ಡ್ರಮ್ಮಿಗೆ ಮರಳಿತು.

ಡಿಸ್ಕ್ ಬ್ರೇಕಿಗೆ ಮಾನ ತಂದುಕೊಟ್ಟದ್ದು ಜಾಗ್ವಾರ್ ಮತ್ತು ಡನ್‌ಲಪ್ ಜೊತೆಗೂಡಿ ನಡೆಸಿದ ಕೆಲಸ. 1953ರ ಲಮಾನ್ಸ್ 24 ಗಂಟೆಗಳ ಓಟದಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಓಡಿಸಿದ ಜಾಗ್ವಾರ್ ಸಿ-ಟೈಪ್, ಗಂಟೆಗೆ 100 ಮೈಲಿಗೂ ಮಿಕ್ಕಿದ ಸರಾಸರಿ ವೇಗದಲ್ಲಿ ಗೆದ್ದಿತು. ಆ ಓಟದಲ್ಲಿ ಅಂಥ ಸರಾಸರಿ ಅದೇ ಮೊದಲು. ದೀರ್ಘ ನೇರಹಾದಿಯ ಕೊನೆಯಲ್ಲಿ ಎದುರಾಳಿಗಳಿಗಿಂತ ತಡವಾಗಿ ಬ್ರೇಕ್ ಒತ್ತಿದರೂ ತಿರುವಿಗೆ ಕಾರು ಹದಕ್ಕೆ ಬರುತ್ತಿತ್ತು. ಮೂರೇ ವರ್ಷಗಳಲ್ಲಿ, 1956ರ ಹೊತ್ತಿಗೆ, ಟ್ರಯಂಫ್ ಟಿಆರ್3ಯಂಥ ಸಾಧಾರಣ ಬೆಲೆಯ ಸ್ಪೋರ್ಟ್ಸ್ ಕಾರಿನ ಮುಂಚಕ್ರಗಳಿಗೂ ಗರ್ಲಿಂಗ್ ಕಂಪನಿಯ ಡಿಸ್ಕ್ ಬ್ರೇಕ್ ಬಂದಿತು. ಓಟದ ಕಾರಿನ ಬ್ರೇಕನ್ನು ಆಗಿಂದಾಗ್ಗೆ ಬಿಚ್ಚಿ ನೋಡುವವರು ಇರುತ್ತಿದ್ದರು, ಮನೆಯ ಮುಂದೆ ಮಳೆಯಲ್ಲಿ ನಿಂತ ಕಾರಿನದನ್ನು ನೋಡುವವರು ಯಾರೂ ಇರಲಿಲ್ಲ. ಸವೆದ ಕ್ಯಾಲಿಪರ್‌ಗೆ ಮರುಜೀವ ಕೊಡುವ ಕಸುಬು ಬೆಳೆದದ್ದು ಈ ವ್ಯತ್ಯಾಸದಿಂದಲೇ ಎನ್ನಬೇಕು.

ಕ್ಯಾಲಿಪರ್ ಕೆಡುವುದು ಹೊರಗಿನಿಂದ ಮಾತ್ರವಲ್ಲ. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ವರ್ಷಗಟ್ಟಲೆ ಬದಲಿಸದೆ ಬಿಟ್ಟರೆ ಆ ತೇವವೇ ಒಳಗಿನ ಲೋಹವನ್ನು ತಿನ್ನತೊಡಗುತ್ತದೆ. ಪಿಸ್ಟನ್ನಿನ ನುಣುಪಾದ ಕ್ರೋಮ್ ಮೈಯಲ್ಲಿ ಸೂಜಿಮೊನೆಯಷ್ಟು ಗುಳಿ ಬಿದ್ದರೂ, ಅದನ್ನು ಬಳಸಿ ಕುಳಿತ ರಬ್ಬರ್ ಸೀಲು ಉಜ್ಜಿ ಹರಿಯುತ್ತದೆ. ಬ್ರೇಕ್ ಬಿಟ್ಟೊಡನೆ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುವುದೂ ಅದೇ ಸೀಲಿನ ಹಿಗ್ಗುಕುಗ್ಗು, ಆದ್ದರಿಂದ ಅದು ಕೆಟ್ಟರೆ ಬ್ರೇಕ್ ಹಿಡಿದಂತೆಯೇ ಉಳಿದು ಚಕ್ರ ಬಿಸಿಯಾಗುತ್ತದೆ. ಹೀಗಾಗಿ ಬಲ್ಲ ಕಸುಬುದಾರರು ಬಣ್ಣದ ಡಬ್ಬಿಗೆ ಕೈಹಾಕುವ ಮೊದಲು ಪಿಸ್ಟನ್ ಹೊರತೆಗೆಯುತ್ತಾರೆ; ಗುಳಿ ಬಿದ್ದ ಪಿಸ್ಟನ್ನಿಗೆ ಬದಲಾಗಿ ಸ್ಟೇನ್‌ಲೆಸ್ ಸ್ಟೀಲಿನದನ್ನು ಕೂರಿಸುತ್ತಾರೆ, ಸಿಲಿಂಡರ್ ಸವೆದಿದ್ದರೆ ಅದನ್ನು ಕೊರೆದು ಸ್ಟೀಲಿನ ಒಳಕೊಳವೆ ತೊಡಿಸುತ್ತಾರೆ. ಹೊರಮೈಯನ್ನು ಮರಳಿನಂಥ ಕಣಗಳ ರಭಸದಿಂದ ಉಜ್ಜುವಾಗ ರಂಧ್ರಗಳಿಗೆಲ್ಲ ಬಿರಡೆ ಬಿಗಿಯುವುದು ಕಡ್ಡಾಯ. ಹಳೆಯ ಪ್ಯಾಡುಗಳ ಪುಡಿಯಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಸ್ ಇದ್ದುದನ್ನು ಗಮನಿಸಿದರೆ, ಬಾಯಿಯಿಂದ ಊದಿ ದೂಳು ಕೊಡವುತ್ತಿದ್ದ ಹಿಂದಿನ ರೂಢಿ ಎಷ್ಟು ಅಪಾಯದ್ದೆಂಬುದು ತಿಳಿಯುತ್ತದೆ.

ಭಾರ ಇಳಿಸಲೆಂದು ಬೀಡುಕಬ್ಬಿಣದ ಬದಲು ಅಲ್ಯೂಮಿನಿಯಂ ಬಂದ ಮೇಲೆ ತೊಂದರೆ ರೂಪ ಬದಲಿಸಿತೇ ಹೊರತು ನೀಗಲಿಲ್ಲ. 1980ರ ದಶಕದ ಪೋರ್ಷೆ 944 ಟರ್ಬೊದಂಥ ಕಾರುಗಳ ಕ್ಯಾಲಿಪರ್‌ನಲ್ಲಿ ಪ್ಯಾಡು ಜಾರಲೆಂದು ತೆಳುವಾದ ಸ್ಟೀಲ್ ತಗಡುಗಳನ್ನು ತಿರುಪಿನಿಂದ ಬಿಗಿದಿರುತ್ತಾರೆ. ಅವುಗಳ ಅಡಿಯಲ್ಲಿ ಅಲ್ಯೂಮಿನಿಯಂ ಬೂಷ್ಟಿನಂತೆ ಬೆಳ್ಳಗೆ ಉಬ್ಬಿ, ತಗಡನ್ನು ಮೇಲೆತ್ತಿ, ಪ್ಯಾಡು ಅಲುಗಾಡದಂತೆ ಮಾಡುತ್ತದೆ. ಇಂಥ ಕ್ಯಾಲಿಪರ್‌ಗೆ ಮೇಲಿಂದ ಕೆಂಪು ಬಳಿಯುವುದು ಸುಣ್ಣ ಬಳಿದು ಗೆದ್ದಲು ಮುಚ್ಚಿದಂತೆ.

ಬಣ್ಣವೇ ಅಂತಸ್ತಿನ ಗುರುತಾದದ್ದು ಇದರ ನಂತರದ ಕಾಲದಲ್ಲಿ. ಪೋರ್ಷೆಯಲ್ಲಿ ಕಾರ್ಬನ್ ಬೆರೆತ ಸೆರಾಮಿಕ್ ಡಿಸ್ಕ್ ಇರುವ ಕಾರಿಗೆ ಹಳದಿ ಕ್ಯಾಲಿಪರ್, ಹೈಬ್ರಿಡ್ ಕಾರಿಗೆ ಎಳೆಹಸಿರು ಎಂಬ ಸಂಕೇತಗಳೇ ಏರ್ಪಟ್ಟವು. ಅದಕ್ಕೂ ಹಿಂದೆ ಅನೇಕ ಕಬ್ಬಿಣದ ಕ್ಯಾಲಿಪರ್‌ಗಳಿಗಿದ್ದುದು ಹೊಂಬಣ್ಣ. ಅದು ಬಣ್ಣವಲ್ಲ, ಸತುವಿನ ತೆಳುಲೇಪವನ್ನು ಷಡ್‌ವೇಲೆಂಟ್ ಕ್ರೋಮಿಯಂ ಎಂಬ ವಿಷಕಾರಿ ಸಂಯುಕ್ತದ ದ್ರಾವಣದಲ್ಲಿ ಅದ್ದಿದಾಗ ಮೂಡುವ ರಕ್ಷಾಪದರ. ಹೊಸ ಕಾರುಗಳ ಲೇಪದಲ್ಲಿ ಆ ಸಂಯುಕ್ತದ ಬಳಕೆಯನ್ನು ಐರೋಪ್ಯ ಒಕ್ಕೂಟ 2007ರ ಜುಲೈನಿಂದ ನಿಲ್ಲಿಸಿತು. ಅದರ ಬದಲಿಗೆ ಬಂದ ತ್ರಿವೇಲೆಂಟ್ ಕ್ರೋಮಿಯಂ ಲೇಪ ಸಹಜವಾಗಿ ತೆಳುನೀಲಿ ಛಾಯೆಯದು; ಹಳೆಯ ಕಾರಿನ ಮೂಲರೂಪ ಬೇಕೆನ್ನುವವರಿಗಾಗಿ ಅದಕ್ಕೆ ಹಳದಿ ಬಣ್ಣ ಬೆರೆಸಲಾಗುತ್ತದೆ.