ಜಪಾನಿನ 60 ಅಡಿ ರೋಬೋಟ್ ನಿಜವಾಗಿಯೂ ನಡೆಯುತ್ತದೆಯೇ?

ಈ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಬಿಳಿ, ನೀಲಿ, ಕೆಂಪು ಬಣ್ಣದ, ಐದಾರು ಅಂತಸ್ತಿನ ಕಟ್ಟಡದಷ್ಟು ಎತ್ತರದ ರೋಬೋಟ್ ಒಂದು ಕಾಲೆತ್ತಿ ಹೆಜ್ಜೆ ಇಡುತ್ತದೆ, ಮಂಡಿ ಬಗ್ಗಿಸುತ್ತದೆ, ಕೈಯೆತ್ತಿ ಆಕಾಶದತ್ತ ಬೆರಳು ತೋರಿಸುತ್ತದೆ. ಜಪಾನ್ ತನ್ನ ಸೈನ್ಯಕ್ಕೆ ರೋಬೋಟ್ ಯೋಧನನ್ನು ತಯಾರಿಸಿದೆ, ನಾವಿನ್ನೂ ಎಲ್ಲಿದ್ದೇವೆ ನೋಡಿ ಎಂಬ ಧಾಟಿಯ ಬರಹವೂ ಅದರ ಜೊತೆ ಬಂದರೆ ಆಶ್ಚರ್ಯವಿಲ್ಲ.

ವಿಡಿಯೊ ಸುಳ್ಳಲ್ಲ, ಕಂಪ್ಯೂಟರ್ ಗ್ರಾಫಿಕ್ಸೂ ಅಲ್ಲ. ಆದರೆ ಆ ರೋಬೋಟ್ ಸೈನ್ಯದ್ದಲ್ಲ, ಮತ್ತು ಅದು ನಡೆಯುವುದೂ ಇಲ್ಲ. ಅದು ಮಕ್ಕಳ ಕಾರ್ಟೂನ್ ಧಾರಾವಾಹಿಯೊಂದರ ನಾಯಕ. ಹೆಸರು ಗನ್‌ಡಮ್. 2020ರ ಡಿಸೆಂಬರ್‌ನಿಂದ 2024ರ ಮಾರ್ಚ್ 31ರವರೆಗೆ ಯೊಕೊಹಾಮಾ ಬಂದರಿನಲ್ಲಿ ಟಿಕೆಟ್ ಪಡೆದು ನೋಡುವ ಪ್ರದರ್ಶನವಾಗಿ ಅದು ನಿಂತಿತ್ತು. ಉದ್ಘಾಟನೆಗೆ ಮೊದಲು ನಡೆದ ಪರೀಕ್ಷೆಯ ದೃಶ್ಯಗಳೇ ಜಗತ್ತಿನಾದ್ಯಂತ ಹರಿದಾಡಿದವು.

ಕಾರ್ಟೂನಿನಿಂದ ಬಂದರಿಗೆ

ದೈತ್ಯ ರೋಬೋಟ್ ಜಪಾನಿನ ಮಕ್ಕಳಿಗೆ ಹಳೆಯ ಗೆಳೆಯ. ಮಿತ್ಸುತೆರು ಯೊಕೊಯಾಮಾ 1956ರಲ್ಲಿ 'ತೆತ್ಸುಜಿನ್ 28' ಎಂಬ ಚಿತ್ರಕಥೆ ಶುರು ಮಾಡಿದರು. ಹುಡುಗನೊಬ್ಬ ರಿಮೋಟ್ ಹಿಡಿದು ಆಡಿಸುವ ಉಕ್ಕಿನ ದೈತ್ಯನ ಕಥೆ ಅದು. 1963ರಲ್ಲಿ ಅದು ಟಿವಿ ಕಾರ್ಟೂನ್ ಆಯಿತು. 1980ರ ದಶಕದಲ್ಲಿ ದೂರದರ್ಶನದಲ್ಲಿ 'ಜೈಂಟ್ ರೋಬೋಟ್' ನೋಡಿದವರಿಗೆ ಕೈಗಡಿಯಾರದಲ್ಲಿ ಮಾತಾಡಿ ರೋಬೋಟನ್ನು ಕರೆಯುತ್ತಿದ್ದ ಹುಡುಗ ಜಾನಿ ನೆನಪಿರಬೇಕು. ಅದರ ಮೂಲ ಕಥೆಯೂ ಇದೇ ಯೊಕೊಯಾಮಾ ಅವರದು. 1972ರ 'ಮಾಜಿಂಗರ್ ಝಡ್' ಹುಡುಗನನ್ನು ರೋಬೋಟಿನ ತಲೆಯೊಳಗೇ ಕೂರಿಸಿತು.

ಇವೆಲ್ಲದರಲ್ಲೂ ರೋಬೋಟ್ ಒಂದು ರೀತಿಯ ದೇವರು, ಕರೆದರೆ ಬಂದು ದುಷ್ಟರನ್ನು ಸದೆಬಡಿಯುವವನು. 1979ರ ಏಪ್ರಿಲ್ 7ರಂದು ಶುರುವಾದ 'ಮೊಬೈಲ್ ಸೂಟ್ ಗನ್‌ಡಮ್' ಬೇರೆ ದಾರಿ ಹಿಡಿಯಿತು. ನಿರ್ದೇಶಕ ಯೊಶಿಯುಕಿ ತೊಮಿನೊ ಕಥೆಯಲ್ಲಿ ರೋಬೋಟ್ ಎಂದರೆ ಟ್ಯಾಂಕ್ ಇದ್ದಂತೆ, ಬರೀ ಒಂದು ಯಂತ್ರ. ಕೆಡುತ್ತದೆ, ರಿಪೇರಿ ಬೇಡುತ್ತದೆ. ನಡೆಸುವವನು ಹದಿನೈದರ ಹುಡುಗ. ಅವನಿಗೆ ಯುದ್ಧ ಬೇಡ, ಭಯವಾಗುತ್ತದೆ, ಒಮ್ಮೆ ಬಿಟ್ಟು ಓಡಿಯೂ ಹೋಗುತ್ತಾನೆ. ಆಟಿಕೆ ಮಾರಲೆಂದು ಹಣ ಹಾಕಿದ್ದ ಕಂಪನಿಗೆ ಇದು ಹಿಡಿಸದಿದ್ದರೆ ಅಚ್ಚರಿಯೇನಿಲ್ಲ. ನೋಡುಗರೂ ಕಡಿಮೆಯಿದ್ದರು. 52 ಕಂತು ಎಂದು ಯೋಚಿಸಿದ್ದು 43ಕ್ಕೇ ಮುಗಿಯಿತು. ಆಮೇಲೆ ಮರುಪ್ರಸಾರದಲ್ಲಿ ಜನ ಹುಚ್ಚೆದ್ದು ನೋಡಿದರು. 1980ರಲ್ಲಿ ಬಂದ ಪ್ಲಾಸ್ಟಿಕ್ ಜೋಡಣೆಯ ಮಾದರಿಗಳಿಗಂತೂ ಅಂಗಡಿಗಳಲ್ಲಿ ಕ್ಯೂ. ಧಾರಾವಾಹಿಗೆ 40 ವರ್ಷ ತುಂಬಿದ ನೆಪದಲ್ಲಿ ಹುಟ್ಟಿದ ಯೋಜನೆಯೇ ಯೊಕೊಹಾಮಾದ ಚಲಿಸುವ ಗನ್‌ಡಮ್.

ಸೊಂಟದ ಹಿಂದೆ ಏನಿದೆ ನೋಡಿ

ವಿಡಿಯೊ ಮತ್ತೊಮ್ಮೆ ಹಾಕಿ, ಈ ಸಲ ಕಾಲು ನೋಡಬೇಡಿ, ಸೊಂಟ ನೋಡಿ. ಬೆನ್ನ ಹಿಂದೆ ಗೋಪುರದಂಥ ಉಕ್ಕಿನ ಚೌಕಟ್ಟು ಇದೆ. ಅಲ್ಲಿಂದ ಬಂದ ಗಟ್ಟಿ ಆಸರೆಯೊಂದು ಗನ್‌ಡಮ್‌ನ ಸೊಂಟವನ್ನು ಹಿಡಿದುಕೊಂಡಿದೆ. ಭಾರವನ್ನು ಹೊರುವುದು ಆ ಆಸರೆ. ಆಸರೆ ಮುಂದೆ ಸರಿದಾಗ ಕಾಲುಗಳು ಅದಕ್ಕೆ ತಕ್ಕಂತೆ ಆಡುತ್ತವೆ. ಮಗುವಿನ ಕಂಕುಳಿಗೆ ಕೈ ಕೊಟ್ಟು ಎತ್ತಿ ಹಿಡಿದು ನಡೆಸುತ್ತೇವಲ್ಲ, ಹಾಗೆ. ಬಹಳಷ್ಟು ವಿಡಿಯೊಗಳನ್ನು ಎದುರಿನಿಂದ ತೆಗೆದಿರುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ತಯಾರಕರೇನೂ ಇದನ್ನು ಮುಚ್ಚಿಟ್ಟಿರಲಿಲ್ಲ.

ಆಸರೆ ತೆಗೆದರೆ ಏಕೆ ನಡೆಯದು? ಉತ್ತರ ಮುದ್ದೆಯಲ್ಲಿದೆ. ರಾಗಿ ಮುದ್ದೆಯ ಅಡ್ಡಗಲವನ್ನು ಎರಡು ಪಟ್ಟು ಮಾಡಬೇಕಾದರೆ ಎರಡು ಮುದ್ದೆಯ ಹಿಟ್ಟು ಸಾಲದು, ಎಂಟು ಮುದ್ದೆಯದು ಬೇಕು. ಮೈಯ ಹರವು ಮಾತ್ರ ನಾಲ್ಕೇ ಪಟ್ಟು. ಗಾತ್ರ ಬೆಳೆದಂತೆ ತೂಕ ಓಡುತ್ತದೆ, ಅದನ್ನು ಹೊರಬೇಕಾದ ಕಾಲಿನ ದಪ್ಪ ಹಿಂದೆ ಬೀಳುತ್ತದೆ. ಗೆಲಿಲಿಯೊ ಇದನ್ನು 1638ರಲ್ಲೇ ಬರೆದಿದ್ದ. ಜಿಂಕೆಯ ಕಾಲು ಕಡ್ಡಿಯಂತೆಯೂ ಆನೆಯ ಕಾಲು ಕಂಬದಂತೆಯೂ ಇರುವುದಕ್ಕೆ ಕಾರಣ ಇದೇ. ಜಿಂಕೆಯಂತೆ ನೆಗೆಯುವುದು ದೊಡ್ಡ ಆನೆಯಿಂದ ಆಗದ ಕೆಲಸ.

ಈಗ 1.75 ಮೀಟರ್ ಎತ್ತರದ, 70 ಕೆಜಿ ತೂಕದ ಮನುಷ್ಯನನ್ನು ಗನ್‌ಡಮ್‌ನಷ್ಟು, ಅಂದರೆ 18 ಮೀಟರ್‌ಗೆ ಹಿಗ್ಗಿಸಿ. ಎತ್ತರ ಸುಮಾರು 10 ಪಟ್ಟು, ಪಾದದ ಹರವು 106 ಪಟ್ಟು. ತೂಕ 1,088 ಪಟ್ಟು, ಅಂದರೆ 76 ಟನ್. ಪಾದದ ಒಂದೊಂದು ಚದರ ಸೆಂಟಿಮೀಟರಿನ ಮೇಲೂ 10 ಪಟ್ಟು ಹೆಚ್ಚು ಒತ್ತಡ. ಇದು ಬರೀ ನಿಂತಾಗಿನ ಲೆಕ್ಕ. ಹೆಜ್ಜೆ ಹಾಕಿದರೆ ಅಷ್ಟೂ ಭಾರ ಒಂದೇ ಕಾಲಿಗೆ, ಅದೂ ಗುದ್ದಿನಂತೆ ಬೀಳುತ್ತದೆ.

ಧಾರಾವಾಹಿಯ ಗನ್‌ಡಮ್‌ನ ತೂಕ 43.4 ಟನ್ ಎಂದು ಅದರ ವಿವರಗಳಲ್ಲಿದೆ, ಸರಂಜಾಮು ತುಂಬಿದಾಗ 60 ಟನ್. ಮನುಷ್ಯನ ದೇಹವೇ ನೀರಿನಲ್ಲಿ ಹೆಚ್ಚುಕಡಿಮೆ ತೇಲುತ್ತದೆ. ಅದೇ ಅಳತೆಗೆ 76 ಟನ್ ಇರಬೇಕಾದ್ದು 60 ಟನ್ ಎಂದರೆ, ಈ ಮಹಾಯೋಧ ಸಮುದ್ರಕ್ಕೆ ಬಿದ್ದರೆ ತೆಪ್ಪದಂತೆ ತೇಲಬೇಕು! ಯೊಕೊಹಾಮಾದ್ದು ಇನ್ನೂ ಹಗುರ, ಸುಮಾರು 25 ಟನ್. ಒಳಗೆ ಉಕ್ಕಿನ ಅಸ್ಥಿಪಂಜರ, ಹೊರಗೆ ಕಾರ್ಬನ್ ನಾರು ಬೆರೆಸಿದ ಪ್ಲಾಸ್ಟಿಕ್ ಹೊದಿಕೆ. ಇಷ್ಟು ಇಳಿಸಿದರೂ ಆಸರೆ ಬೇಕಾಯಿತು.

ಒಳಗೆ ಕೂತವನ ಪಾಡಂತೂ ಕೇಳಬೇಡಿ. ನಾವು ನಡೆಯುವಾಗ ದೇಹ ನಾಲ್ಕೈದು ಸೆಂಟಿಮೀಟರ್ ಮೇಲೆ ಕೆಳಗೆ ಆಗುತ್ತದೆ. ಹತ್ತು ಪಟ್ಟು ಮಾಡಿದರೆ ಪ್ರತಿ ಹೆಜ್ಜೆಗೂ ಅರ್ಧ ಮೀಟರ್ ಕುಲುಕಾಟ. ಎಡವಿತು ಎಂದರೆ, 12 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 55 ಕಿಲೋಮೀಟರ್. ಯಾವ ಸೈನ್ಯವೂ ಇಂಥದ್ದನ್ನು ಕೊಳ್ಳುವುದಿಲ್ಲ. ಎತ್ತರದ ಗುರಿ ಶತ್ರುವಿಗೆ ಸುಲಭದ ಗುರಿ ಬೇರೆ. ಇದನ್ನು ತಪ್ಪಿಸಲೆಂದೇ ಕಥೆಗಾರರು ರೇಡಾರನ್ನು ಕೆಡಿಸುವ 'ಮಿನೊವ್‌ಸ್ಕಿ ಕಣ' ಎಂಬ ಕಲ್ಪನೆ ಹೆಣೆದರು. ಅಂಥ ಕಣ ಭೌತಶಾಸ್ತ್ರದಲ್ಲಿ ಇಲ್ಲ.

ಹಾಗಾದರೆ ಅದರಲ್ಲಿ ವಿಜ್ಞಾನವೇ ಇಲ್ಲವೇ? ಇದೆ, ಆದರೆ ರೋಬೋಟಿನಲ್ಲಲ್ಲ, ಹಿನ್ನೆಲೆಯಲ್ಲಿ. ಕಥೆಯ ಜನ ಬಾಹ್ಯಾಕಾಶದಲ್ಲಿ ತಿರುಗುವ ಭಾರಿ ಸಿಲಿಂಡರ್‌ಗಳ ಒಳಗೆ ಊರು ಕಟ್ಟಿಕೊಂಡಿದ್ದಾರೆ. ತಿರುಗುವಿಕೆಯೇ ಗುರುತ್ವದ ಕೆಲಸ ಮಾಡುತ್ತದೆ. ಇದು ಪ್ರಿನ್ಸ್‌ಟನ್‌ನ ಭೌತವಿಜ್ಞಾನಿ ಜೆರಾರ್ಡ್ ಓನೀಲ್ 1970ರ ದಶಕದಲ್ಲಿ ಲೆಕ್ಕ ಹಾಕಿ ಮುಂದಿಟ್ಟ ಯೋಜನೆ. ಆ ಊರುಗಳನ್ನು ಇರಿಸಿರುವುದು ಭೂಮಿ ಮತ್ತು ಚಂದ್ರರ ಲಗ್ರಾಂಜ್ ಬಿಂದುಗಳಲ್ಲಿ. ಲಗ್ರಾಂಜ್ ಹೆಸರು ಎಲ್ಲೋ ಕೇಳಿದಂತಿದೆಯೇ? ನಮ್ಮ ಇಸ್ರೋದ ಆದಿತ್ಯ ಎಲ್1 ನೌಕೆ 2024ರ ಜನವರಿ 6ರಂದು ಸೇರಿದ್ದು ಅಂಥದ್ದೇ ಒಂದು ಬಿಂದುವಿನ ಸುತ್ತಲ ಕಕ್ಷೆಯನ್ನು. ಅದು ಸೂರ್ಯ ಮತ್ತು ಭೂಮಿಯ ನಡುವಿನದು.

ಮನುಷ್ಯ ಕೂರುವ ರೋಬೋಟ್ ಜಪಾನಿನಲ್ಲಿ ಇಲ್ಲವೇ ಇಲ್ಲ ಎಂದೇನಲ್ಲ. ತ್ಸುಬಾಮೆ ಇಂಡಸ್ಟ್ರೀಸ್ 2023ರಲ್ಲಿ ತೋರಿಸಿದ 'ಆರ್ಕ್ಯಾಕ್ಸ್' 4.5 ಮೀಟರ್ ಎತ್ತರ, 3.5 ಟನ್ ತೂಕ ಇದೆ. ಅದು ಓಡಾಡುವುದು ನಾಲ್ಕು ಚಕ್ರಗಳ ಮೇಲೆ.

ಸೈನ್ಯದ ರೋಬೋಟ್ ಎಂಬ ಹಣೆಪಟ್ಟಿಯಿಂದ ನಿಜವಾಗಿ ಅನ್ಯಾಯವಾಗುವುದು ಯೊಕೊಹಾಮಾದ ಎಂಜಿನಿಯರ್‌ಗಳಿಗೆ. ಜನರ ಕಣ್ಣೆದುರಿನಲ್ಲೇ 25 ಟನ್ನಿನ ಯಂತ್ರದ ತೋಳು, ಮಂಡಿ, ಬೆರಳುಗಳನ್ನು ಜರ್ಕ್ ಇಲ್ಲದೆ ಆಡಿಸುವುದು, ಬಂದರಿನ ಗಾಳಿಯಲ್ಲಿ ಅದನ್ನು ಮೂರು ವರ್ಷಕ್ಕೂ ಹೆಚ್ಚು ಕಾಲ ನಡೆಸುವುದು ಸಣ್ಣ ಕೆಲಸವಲ್ಲ.

ಪ್ರದರ್ಶನ ಮುಗಿದ ಮೇಲೆ ಅದನ್ನು ಬಿಚ್ಚಿದರು. ಅದರ ಕೆಲವು ಭಾಗಗಳನ್ನೇ ಬಳಸಿ ಕಟ್ಟಿದ ಇನ್ನೊಂದು ಗನ್‌ಡಮ್ 2025ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಸಾಕಾದ ವಿಶ್ವ ಮೇಳದಲ್ಲಿತ್ತು. ಒಂದು ಮಂಡಿಯೂರಿ, ಕೈ ಆಕಾಶಕ್ಕೆ ಚಾಚಿದ ಭಂಗಿ. ಅದು ಚಲಿಸುತ್ತಿರಲಿಲ್ಲ. ಟೋಕಿಯೊದ ಒದಾಯ್ಬಾದಲ್ಲಿ 2017ರಲ್ಲಿ ನಿಲ್ಲಿಸಿದ್ದು ಮತ್ತೊಂದು, 'ಯೂನಿಕಾರ್ನ್' ಗನ್‌ಡಮ್. ರಾತ್ರಿ ಹೊತ್ತು ಮೈತುಂಬ ದೀಪ ಮಿನುಗಿಸುವ ರೋಬೋಟಿನ ವಿಡಿಯೊ ಬಂದರೆ ಅದು ಬಹುಶಃ ಇದೇ.